ಸುಣ್ಣದ ಗೆರೆಯ ಮನೆ

ಅಮ್ಮ ತನಗೆ ಪಕ್ಕದ್ದು ಕಾಣುತ್ತಿಲ್ಲವೆಂದು ನನಗೆ ಹೇಳಿದ್ದು ಮಧುಗಿರಿಯ ಬಸ್ ನಿಲ್ದಾಣದಲ್ಲಿ. ತುಮಕೂರಿನ ಕಣ್ಣಿನ ಡಾಕ್ಟರ ಹತ್ತಿರ ಒಬ್ಬಳೇ ಹೋಗಿ, ಅಲ್ಲಿಂದ ಹಿಂದಿರುಗುವಾಗ ಮಧುಗಿರಿಯಲ್ಲಿ ಇಳಿದಿದ್ದಳು. ನಾನು ನಕ್ಷೆ ಬರೆದುಕೊಟ್ಟಿದ್ದ ಒಂದು ಮನೆಯ ಕಟ್ಟಡದ ಕೆಲಸ ನೋಡಲು ಅಲ್ಲಿಗೇ ಬಂದಿದ್ದ ನನಗೆ ಫೋನ್ ಮಾಡಿ, ಬಾ ಎಂದಿದ್ದಳು. ನಾನು ಹೋದಾಗ ಕಲ್ಲುಬೆಂಚಿನ ಮೇಲೆ ಕುಳಿತು ಬೆಟ್ಟವನ್ನು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ. ತುಂಬಾ ಹೊತ್ತು ಅವಳು ನನ್ನ ಕಡೆ ತಿರುಗಲೇ ಇಲ್ಲ.

"ಅಮ್ಮ," ಎಂದೆ.

ಬೆಚ್ಚಿದಳು. ಆಮೇಲೆ ನಕ್ಕಳು. "ನೋಡು, ಬೆಟ್ಟದ ತುದಿ ಕಾಣ್ತದೆ. ಅಲ್ಲಿರೋ ಕೋಟೆ ಗೋಡೆನೂ ಕಾಣ್ತದೆ. ಪಕ್ಕದಲ್ಲಿ ಕೂತಿರೋ ಮಗಳು ಕಾಣಲ್ಲ. ಹಿಂಗೆ ಕಣೆ ಕಥೆ."

ಅಮ್ಮ ಪಾವಗಡದಿಂದ ನಿಡುಗಲ್ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಹಾಗಾಗಿ ಕಾಯಿಲೆಯನ್ನೂ ಅಳೆದು ಇಟ್ಟುಕೊಂಡಿದ್ದಳು. ಕಪ್ಪುಹಲಗೆಗೆ ಬಳಸುವ ದೊಡ್ಡ ಮರದ ಕೋನಮಾಪಕವನ್ನು ಮೂಗಿನ ಕೆಳಗೆ ಹಿಡಿದುಕೊಂಡು, ಎರಡು ಸೀಮೆಸುಣ್ಣದ ಕಡ್ಡಿಗಳನ್ನು ಅಂಚಿನಿಂದ ಒಳಕ್ಕೆ ಸರಿಸುತ್ತಾ, ಯಾವ ಡಿಗ್ರಿಯಲ್ಲಿ ಅವು ಕಾಣತೊಡಗುತ್ತವೆ ಎಂದು ನೋಡಿದ್ದಳಂತೆ. "ನೂರೆಂಬತ್ತಕ್ಕೆ ಅರವತ್ತರ ಹತ್ತಿರ," ಎಂದಳು, ಮಕ್ಕಳ ಉತ್ತರ ಓದುವ ದನಿಯಲ್ಲಿ. ಅದು ಇನ್ನೂ ಕಿರಿದಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಷ್ಟು ಬೇಗ ಎಂದು ಹೇಳಿರಲಿಲ್ಲ.

ಶಾಲೆಯ ಮುಖ್ಯೋಪಾಧ್ಯಾಯರಿಗೆ ಆಗಲೇ ತಿಳಿಸಿದ್ದಳು. ನನಗೆ ತಿಳಿಸಿದಳು. ಇನ್ನು ಯಾರಿಗೂ ಹೇಳಬಾರದು ಎಂದಳು, ಅದರಲ್ಲೂ ಕೊರಟಗೆರೆಯ ಮಾವನಿಗೆ. ಮಾವ ಅವಳ ತಮ್ಮ. ಅಪ್ಪ ಹೋದ ಮೇಲೆ, ನಮ್ಮನ್ನು ತನ್ನ ಮನೆಗೆ ಕರೆದುಕೊಂಡು ಹೋಗಲು ವರ್ಷಕ್ಕೊಮ್ಮೆಯಾದರೂ ಗಾಡಿ ತಂದು ನಿಲ್ಲಿಸುತ್ತಿದ್ದ ಮನುಷ್ಯ. ಒಳ್ಳೆಯವನು. ಅವನ ಮನೆಯ ಮಹಡಿಯಲ್ಲಿ ಅಕ್ಕನಿಗೆಂದೇ ಒಂದು ಕೋಣೆ ಖಾಲಿ ಇದೆ. ಕಣ್ಣಿನ ವಿಷಯ ಅವನ ಕಿವಿಗೆ ಬಿದ್ದರೆ ಅಮ್ಮ ಆ ಕೋಣೆಗೆ ಹೋಗುತ್ತಾಳೆ, ಮತ್ತೆ ಇಳಿಯುವುದಿಲ್ಲ. ಅದು ನಮಗಿಬ್ಬರಿಗೂ ಗೊತ್ತಿತ್ತು.

"ಶಾಲೆ ಹತ್ರದ ಸೈಟಿನಲ್ಲಿ ಮನೆ ಕಟ್ಕೊಡು," ಎಂದಳು ಅಮ್ಮ. "ಕಣ್ಣು ಪೂರ್ತಿ ಹೋದ್ರೂ ನಾನೊಬ್ಳೇ ಓಡಾಡೋ ಹಂಗಿರ್ಬೇಕು. ಯಾರೂ ಕೈ ಹಿಡೀಬಾರ್ದು. ಮನೆ ಏಳೋವರ್ಗೂ ಕಣ್ಣಿನ ವಿಷ್ಯ ಯಾರಿಗೂ ಗೊತ್ತಾಗ್ಬಾರ್ದು."

ಪಾವಗಡದ ಬಸ್ಸು ಬಂತು. ಹತ್ತುವಾಗ ಬಾಗಿಲಿನ ಕಂಬವನ್ನು ಅವಳ ಕೈ ಒಂದು ಸಲ ಗಾಳಿಯಲ್ಲಿ ಹುಡುಕಿತು. ನಾನು ಹಿಡಿಯಲು ಹೋಗಲಿಲ್ಲ.

*

ನಾನು ಬರೆದ ಮೊದಲ ನಕ್ಷೆ ದುಂಡಗಿತ್ತು.

ಅಮ್ಮನ ತವರಿನವರು ಶಿರಾ ಕಡೆಯ ಹಟ್ಟಿಯವರು, ಕುರಿ ಸಾಕಿದವರು. ಚಿಕ್ಕವಳಿದ್ದಾಗ ಬೇಸಿಗೆ ರಜೆಯಲ್ಲಿ ತಾತನ ಕುರಿರೊಪ್ಪದ ಹತ್ತಿರ ಕುಳಿತು ನೋಡುತ್ತಿದ್ದೆ. ಮುಳ್ಳಿನ ಬೇಲಿಯ ದುಂಡನೆಯ ಆವರಣ. ಸಂಜೆ ಕುರಿಗಳು ಒಳಗೆ ಹೋಗಿ ನೀರಿನ ಸುಳಿಯಂತೆ ಒಂದು ಸುತ್ತು ಸುತ್ತಿ, ನಿಧಾನಕ್ಕೆ ನಿಲ್ಲುತ್ತಿದ್ದವು. ಮೂಲೆ ಮಾಡಿದರೆ ಕುರಿಗಳು ಹೆದರಿದಾಗ ಅಲ್ಲಿ ಒತ್ತರಿಸಿಕೊಂಡು ನಿಲ್ಲುತ್ತವೆ, ಮರಿಗಳು ಕಾಲ್ತುಳಿತಕ್ಕೆ ಸಿಕ್ಕಿ ಸಾಯುತ್ತವೆ ಎಂದು ತಾತ ಹೇಳಿದ್ದರು. ಆ ಧೂಳು, ಆ ಸುತ್ತು, ಅದರ ನಡುವಿನ ಬೆಚ್ಚಗಿನ ನಿಶ್ಶಬ್ದ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಮೂಲೆಗಳಿಲ್ಲದ ಮನೆಯಲ್ಲಿ ಅಮ್ಮನಿಗೆ ಏನೂ ತಗುಲುವುದಿಲ್ಲ ಎಂದುಕೊಂಡೆ. ನಡುವೆ ಒಂದು ದೊಡ್ಡ ದುಂಡು ಹಜಾರ, ಅದರ ಅಂಚಿಗೆ ಅಡುಗೆ, ಮಲಗುವುದು, ಸ್ನಾನ. ಚಿತ್ರವಾಗಿ ಅದು ಬಹಳ ಚೆನ್ನಾಗಿತ್ತು.

ಅಮ್ಮ ಕಾಗದವನ್ನು ತನ್ನ ಕಣ್ಣಿನ ಅರವತ್ತು ಡಿಗ್ರಿಯೊಳಗೆ ಹಿಡಿದು ನೋಡಿದಳು. ಎದ್ದು ನಿಂತು, ಕಣ್ಣು ಮುಚ್ಚಿ, ಎಡಗೈಯನ್ನು ಇಲ್ಲದ ಗೋಡೆಯ ಮೇಲಿಟ್ಟು ನಡೆದಳು. ಬಾಡಿಗೆ ಮನೆಯ ಸಣ್ಣ ಕೋಣೆಯಲ್ಲಿ ಎರಡು ಸುತ್ತು ಬಂದು ನಿಂತಳು.

"ಈಗ ಅಡುಗೆಮನೆ ಎಲ್ಲೈತೆ?"

"ಅಲ್ಲಿ," ಎಂದೆ.

"ಎಲ್ಲಿ ಅಲ್ಲಿ? ನಂಗೆ ಹೆಂಗೆ ಗೊತ್ತಾಗ್ಬೇಕು? ವೃತ್ತದಲ್ಲಿ ಎಲ್ಲಾ ಜಾಗವೂ ಒಂದೇ ಥರ ಕಣೆ. ಮೂಲೆ ಸಿಕ್ಕಿದ್ರೆ ತಾನೇ, ಓ ಇಲ್ಲಿಗೆ ಬಂದೆ ಅಂತ ಗೊತ್ತಾಗೋದು. ತಾತ ಹೇಳಿದ್ದು ಕುರಿಗೆ. ನಾನು ಕುರಿಯಾ?"

ಐದು ವರ್ಷ ಓದಿ ಕಲಿತದ್ದರಲ್ಲಿ ಇದು ಇರಲಿಲ್ಲ. ಕಣ್ಣಿರುವವರಿಗೆ ಮೂಲೆ ಅಡ್ಡಿ, ಬಯಲು ಸಲೀಸು. ಕಣ್ಣಿಲ್ಲದವರಿಗೆ ಬಯಲೇ ಕಷ್ಟ, ಮೂಲೆ ಗುರುತು. ಒಳಕ್ಕೆ ತಿರುಗಿದ ಮೂಲೆ ಕೈಗೆ ಆಸರೆ. ಹೊರಕ್ಕೆ ಚಾಚಿದ ಮೂಲೆ ಮಾತ್ರ ಹಣೆಗೆ ಬಡಿಯುತ್ತದೆ. ಅದನ್ನು ಒಂದು ಹಾಳೆಯಲ್ಲಿ ಬರೆದು ನನ್ನ ಮೇಜಿನ ಮೇಲೆ ಅಂಟಿಸಿಕೊಂಡು, ಮೊದಲಿನಿಂದ ಶುರು ಮಾಡಿದೆ.

ಅಮ್ಮನ ಹೆಜ್ಜೆಯನ್ನು ಅವಳಿಗೆ ಗೊತ್ತಾಗದಂತೆ ಅಳೆಯಬೇಕಾಯಿತು. ಅಳೆಯುತ್ತಿದ್ದಾರೆ ಎಂದು ಗೊತ್ತಾದರೆ ಯಾರಾದರೂ ಸ್ವಲ್ಪ ದೊಡ್ಡ ಹೆಜ್ಜೆ ಇಡುತ್ತಾರೆ. ಒಂದು ಭಾನುವಾರ ಅವಳು ಸ್ನಾನ ಮುಗಿಸಿ ಸಿಮೆಂಟ್ ನೆಲದ ಮೇಲೆ ಒದ್ದೆ ಕಾಲಲ್ಲಿ ನಡೆದು ಹೋದಳು. ಹೆಜ್ಜೆಗುರುತು ಆರುವ ಮೊದಲು ಟೇಪು ಹಿಡಿದೆ. ಹಿಮ್ಮಡಿಯಿಂದ ಹಿಮ್ಮಡಿಗೆ ಇಪ್ಪತ್ತು ಇಂಚು. ಮೂರು ಭಾನುವಾರ ನೋಡಿದೆ. ಇಪ್ಪತ್ತೇ.

ಆಮೇಲೆ ಮನೆಯ ಎಲ್ಲ ಅಳತೆಯೂ ಅದರಿಂದಲೇ ಹುಟ್ಟಿತು. ಗೇಟಿನಿಂದ ಬಾಗಿಲಿಗೆ ನೇರಕ್ಕೆ ಎಂಟು ಹೆಜ್ಜೆ. ಹಜಾರ ಒಂಬತ್ತು ಹೆಜ್ಜೆ ಉದ್ದ, ಏಳು ಹೆಜ್ಜೆ ಅಗಲ. ತಿರುವುಗಳೆಲ್ಲ ಲಂಬಕೋನ, ಓರೆ ಎಂಬುದೇ ಇಲ್ಲ. ಯಾವ ತಿರುವಿನಿಂದ ಯಾವ ಬಾಗಿಲಿಗೂ ಪೂರ್ತಿ ಹೆಜ್ಜೆಗಳೇ, ಅರ್ಧ ಹೆಜ್ಜೆ ಎಲ್ಲೂ ಬರುವಂತಿಲ್ಲ. ಚೌಕಗಳ ಮೇಲೆ ಗೆರೆ ಎಳೆಯುತ್ತಾ ಕುಳಿತರೆ, ಪೆನ್ಸಿಲಿನ ತುದಿಯಲ್ಲಿ ಅಮ್ಮ ನಡೆಯುತ್ತಿರುವ ಹಾಗೆ ಅನಿಸುತ್ತಿತ್ತು. ಒಮ್ಮೊಮ್ಮೆ ಅಳಿಸುವುದಕ್ಕೂ ಅಂಜುತ್ತಿದ್ದೆ.

ನಕ್ಷೆ ಮುಗಿದ ಮೇಲೆ ಭಾನುವಾರಗಳಲ್ಲಿ ನಾವು ಆ ಮನೆಯಲ್ಲಿ ವಾಸಿಸತೊಡಗಿದೆವು. ಶಾಲೆಯ ಮೈದಾನ ಖಾಲಿ ಇರುತ್ತಿತ್ತು. ಖೋ ಖೋ ಅಂಕಣಕ್ಕೆ ಹಾಕುವ ಸುಣ್ಣದ ಪುಡಿಯಲ್ಲಿ ಮನೆಯ ಗೆರೆಗಳನ್ನು ನಿಜವಾದ ಅಳತೆಯಲ್ಲಿ ಎಳೆಯುತ್ತಿದ್ದೆ. ಅಮ್ಮ ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸುತ್ತಾ ಒಳಗೆ ಬರುತ್ತಿದ್ದಳು. ಎಂಟು. ಎಡಕ್ಕೆ ಮೂರು. ಬಲಕ್ಕೆ ಐದು. ಇಲ್ಲದ ಒಲೆಯ ಮುಂದೆ ನಿಂತು ಇಲ್ಲದ ಹಾಲಿಗೆ ಕೈ ಚಾಚುತ್ತಿದ್ದಳು. ಬೆಳಗಿನ ಬಿಸಿಲು, ದೂರದಲ್ಲಿ ನಿಡುಗಲ್ಲಿನ ಬೆಟ್ಟ, ಆಳೆತ್ತರದ ಗಾಳಿಯಲ್ಲಿ ಗೋಡೆಗಳೇ ಇಲ್ಲದೆ ನಿಂತ ಮನೆ. ಹೊಂಗೆಮರದ ನೆರಳು ಮಲಗುವ ಕೋಣೆಯಿಂದ ಹಜಾರಕ್ಕೆ ಗೋಡೆಯನ್ನು ಹಾಯ್ದು ಬರುತ್ತಿತ್ತು. ಒಂದು ಮೇಕೆ ಬಂದು ಬಚ್ಚಲಿನಲ್ಲಿ ನಿಂತು ಅರಚಿತು. ಅಮ್ಮ ಕಣ್ಣು ಬಿಡದೆಯೇ, "ಬಾಗ್ಲಾಗೆ ಬಂತಾ ಅದು?" ಎಂದು ಕೇಳಿದಳು.

ಅಷ್ಟು ಸುಖವಾಗಿ ನಾನು ಯಾವ ಮನೆಯಲ್ಲೂ ಇದ್ದಿಲ್ಲ.

*

ಮನೆ ಕಟ್ಟಲು ಬಂದವರು ಶಿರಾದ ಮೇಸ್ತ್ರಿ. ವಯಸ್ಸಾದ ಸಾಬರು, ಬಿಳಿ ಗಡ್ಡ, ಸೊಂಟದಲ್ಲಿ ಸದಾ ಒಂದು ನೂಲುಂಡೆ. ಪಾವಗಡದ ಕಡೆ ಬಹಳ ಮನೆ ಕಟ್ಟಿದ್ದರು. ಆಯ ನೋಡದೆ ಅವರು ಪಾಯ ಹಾಕುವುದಿಲ್ಲ. ಮನೆಯ ಉದ್ದಗಲವನ್ನು ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷ ಆನೆಯೆಂಬ ಒಳ್ಳೆಯದೇ ಕಾಗೆಯೆಂಬ ಕೆಟ್ಟದ್ದೇ ಎಂದು ಹೇಳುವ ಲೆಕ್ಕ ಅದು. "ನಮ್ಮಲ್ಲಿ ಅದಿಲ್ಲ. ಆದ್ರೆ ಇರೋರು ನೀವಲ್ವಾ," ಎನ್ನುತ್ತಿದ್ದರು. ನನ್ನ ನಕ್ಷೆಯ ಮೇಲೆ ಅರ್ಧ ಗಂಟೆ ಬೆರಳಾಡಿಸಿ ಲೆಕ್ಕ ಹಾಕಿದರು.

"ಇಂಜಿನಿಯರಮ್ಮ, ಇದ್ರ ಆಯ ಕಾಗೆ ಬತ್ತದೆ. ಮೂರಿಂಚು ಜಾಸ್ತಿ ಮಾಡ್ಬುಡಣ, ಆನೆ ಬತ್ತದೆ."

"ಒಂದಿಂಚೂ ಆಗಲ್ಲ."

"ಅರೆ, ಮೂರಿಂಚಿಗೆ ಆನೆ ಸಿಕ್ತದೆ, ಬ್ಯಾಡ ಅಂತೀಯಲ್ಲ ಬೇಟಿ! ಅದೂ ಏನಿದು, ಎಲ್ಲಾದ್ರಲ್ಲೂ ಇಪ್ಪತ್ತು, ನಲವತ್ತು, ಎಂಬತ್ತು ಇಂಚು? ಇಟ್ಟಿಗೆ ಲೆಕ್ಕಕ್ಕೂ ಕೂರಲ್ಲ, ಅಡಿ ಲೆಕ್ಕಕ್ಕೂ ಕೂರಲ್ಲ."

"ಡಿಸೈನ್," ಎಂದೆ. ಸುಳ್ಳು ಹೇಳುವಾಗ ನಾನು ಇಂಗ್ಲಿಷಿಗೆ ಹೋಗುತ್ತೇನೆ ಎಂದು ಅಮ್ಮ ಹೇಳುತ್ತಾಳೆ.

ಕೊನೆಗೆ ಒಪ್ಪಂದವಾಯಿತು. ಆಯ ಹೊರಗಿನ ಅಳತೆಗೆ, ನನ್ನ ಇಪ್ಪತ್ತು ಇಂಚು ಒಳಗಿನ ಅಳತೆಗೆ. ಆ ಮೂರಿಂಚು ಹಿಂದಿನ ಗೋಡೆಯ ದಪ್ಪಕ್ಕೆ ಸೇರಿತು. ಮೇಸ್ತ್ರಿ ಆನೆ ಸಿಕ್ಕ ಖುಷಿಯಲ್ಲಿ ಎಲೆ ಅಡಿಕೆ ಹಾಕಿಕೊಂಡರು. ನಾನು ಗೆದ್ದೆ ಎಂದುಕೊಂಡು, ನನ್ನ ಕೆಲಸವಿದ್ದ ತುಮಕೂರಿಗೆ ಮರುಬಸ್ಸಿಗೆ ಹೊರಟೆ.

ಪಾಯದ ಗುರುತು ಹಾಕುವ ದಿನ ಬೆಳಿಗ್ಗೆ ನಾನು ಮುಂಚೆಯೇ ಅಲ್ಲಿರಬೇಕಿತ್ತು. ಬಸ್ಸು ಮಧುಗಿರಿ ದಾಟಿದ ಮೇಲೆ ಕೆಟ್ಟು ನಿಂತಿತು. ಇನ್ನೊಂದು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಸುಣ್ಣ ಎಳೆದು ಮುಗಿದಿತ್ತು. ಕೊರಟಗೆರೆಯ ಮಾವ ಬಿಳಿ ಅಂಗಿಯಲ್ಲಿ ಬಂದು ನಿಂತಿದ್ದ. ಅಕ್ಕಪಕ್ಕದ ಮನೆಯ ಹೆಂಗಸರು, ಮೇಸ್ತ್ರಿಯ ಜೊತೆಯ ಇಬ್ಬರು ಆಳುಗಳು, ತೆಂಗಿನಕಾಯಿ, ಊದುಬತ್ತಿ.

ನಮ್ಮ ಕಡೆ ಒಂದು ರೂಢಿಯಿದೆ. ಸುಣ್ಣ ಎಳೆದ ಕ್ಷಣದಿಂದ ಆ ಗೆರೆ ಗೋಡೆ. ಯಾರೂ ಅದನ್ನು ದಾಟುವುದಿಲ್ಲ. ಕೂಲಿಯವರು ಕೂಡ ಬಾಗಿಲಿಗೆಂದು ಬಿಟ್ಟ ಸಂದಿಯಿಂದಲೇ ಬಳಸಿಕೊಂಡು ಒಳಗೆ ಹೋಗುತ್ತಾರೆ, ಹೊರಗೆ ಬರುತ್ತಾರೆ. ಎಲ್ಲರಿಗಿಂತ ಮೊದಲು ಮನೆಯೊಡತಿ ತುಂಬಿದ ತಂಬಿಗೆ ಹಿಡಿದು ಆ ಸಂದಿಯಿಂದ ಒಳಗೆ ಕಾಲಿಡಬೇಕು.

ಗೇಟಿನ ಗೂಟದ ಹತ್ತಿರ ಅಮ್ಮ ತಂಬಿಗೆ ಹಿಡಿದು ನಿಂತಿದ್ದಳು. ರೇಷ್ಮೆ ಸೀರೆ ಉಟ್ಟಿದ್ದಳು. ನೆಲ ಬೆಳ್ಳಗಿನ ಮರಳು, ಅದರ ಮೇಲೆ ಬೆಳ್ಳಗಿನ ಸುಣ್ಣ, ಬಿಸಿಲು ಎಲ್ಲವನ್ನೂ ಒಂದೇ ಬಣ್ಣ ಮಾಡಿತ್ತು. ನಾನು ಗೆರೆಗಳನ್ನು ನೋಡಿದೆ. ಬಾಗಿಲು ನಾನು ಬರೆದ ಕಡೆ ಇರಲಿಲ್ಲ. ಮುಂದಿನ ಗೋಡೆಯನ್ನು ಒಂಬತ್ತು ಭಾಗ ಮಾಡಿ, ಶುಭವೆಂದು ಹೇಳುವ ಭಾಗದಲ್ಲಿ ಬಾಗಿಲಿಡುವುದು ಮೇಸ್ತ್ರಿಗಳ ಪದ್ಧತಿ. ಅದರಂತೆ ಒಂದು ಭಾಗ, ಅಂದರೆ ಮೂರಡಿ, ಉತ್ತರಕ್ಕೆ ಸರಿಸಿದ್ದರು. ಆಯದ ಬಗ್ಗೆ ಅಷ್ಟೊಂದು ವಾದ ಮಾಡಿದ ನಾನು ಬಾಗಿಲಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಕೂಗಲು ಬಾಯಿ ತೆರೆದೆ. ಕೂಗಿದರೆ ಏನೆಂದು ಕೂಗುವುದು? ಮಾವ ನನ್ನ ಪಕ್ಕದಲ್ಲೇ ಇದ್ದ.

ಅಮ್ಮ ಹೊರಟಳು. ನೇರವಾಗಿ, ತಲೆ ಎತ್ತಿ, ಒಂದು ತೊಟ್ಟೂ ತುಳುಕಿಸದೆ. ತುಟಿ ಅಲ್ಲಾಡುತ್ತಿತ್ತು. ಎಲ್ಲರೂ ಮಂತ್ರ ಎಂದುಕೊಂಡಿರಬೇಕು. ಎಂಟನೇ ಹೆಜ್ಜೆಗೆ ಬಲಗಾಲು ಎತ್ತಿಟ್ಟು, ಗೋಡೆಯೊಳಗಿಂದ ಹಜಾರಕ್ಕೆ ಬಂದಳು.

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಪಕ್ಕದ ಮನೆಯ ತೆಲುಗಿನಾಕೆ ಬಾಯಿಗೆ ಸೆರಗು ಹಿಡಿದಳು.

"ಅಯ್ಯಯ್ಯೋ, ಏಂದಮ್ಮಾ ಇದಿ! ಟೀಚರಮ್ಮ ಗ್ವಾಡೆ ತೂರ್ಕಂಡು ಬಂದ್ಬುಟ್ರಲ್ಲೇ!"

"ಪಾಠ ಹೇಳ್ಕೊಡೋರ್ಗೇ ಬಾಗ್ಲು ಎಲ್ಲೈತೆ ಅಂತ ಗೊತ್ತಾಗ್ಲಿಲ್ವೇನ್ಲಾ," ಎಂದು ಒಬ್ಬ ಆಳು ಇನ್ನೊಬ್ಬನಿಗೆ ಹೇಳಿದ. ಎಲ್ಲರೂ ನಗತೊಡಗಿದರು.

ಅಮ್ಮ ನಗುವಿನ ನಡುವೆ ತಂಬಿಗೆ ಹಿಡಿದು ನಿಂತಳು. ಏನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಏನೋ ಆಯಿತೆಂದು ತಿಳಿಯಿತು. ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ನಮ್ಮನ್ನು ಹುಡುಕಿದಳು. ಮಾವ ನಗುತ್ತಿರಲಿಲ್ಲ. ಅಕ್ಕನ ಮುಖವನ್ನೇ ನೋಡುತ್ತಿದ್ದ.

"ಅಕ್ಕಾ, ಗೆರೆ ಕಾಣ್ಲಿಲ್ವಾ ನಿಂಗೆ?"

ನೂಲು ಸುತ್ತುತ್ತಾ ಕುಕ್ಕುರುಗಾಲಲ್ಲಿ ಕುಳಿತಿದ್ದ ಮೇಸ್ತ್ರಿ ಎದ್ದರು. ಅಮ್ಮನನ್ನು ನೋಡಿದರು, ಅವಳ ಹಿಂದೆ ಗೇಟಿನವರೆಗೆ ಮರಳಿನಲ್ಲಿ ಮೂಡಿದ ಹೆಜ್ಜೆಗಳನ್ನು ನೋಡಿದರು. ಒಂದೊಂದೂ ಇಪ್ಪತ್ತು ಇಂಚಿಗೆ, ದಾರ ಹಿಡಿದ ಹಾಗೆ ನೇರಕ್ಕೆ. ಆಮೇಲೆ ಅವಳು ದಾಟಿದ ಕಡೆ ಬಂದು, ಸುಣ್ಣವನ್ನು ಅಂಗಾಲಿನಿಂದ ಉಜ್ಜಿ ಅಳಿಸಿದರು.

"ಯಾಕ್ರಲಾ ನಗ್ತೀರಿ? ಬಾಗ್ಲು ಇಲ್ಲೇ ಇರೋದು. ನಾನೇ ಗಲತ್ ಹಾಕ್ಬುಟ್ಟಿದ್ದೆ. ವಯಸ್ಸಾತು, ಏನ್ಮಾಡ್ಲಿ. ಡ್ರಾಯಿಂಗ್ ನೋಡ್ರಿ ಬೇಕಾದ್ರೆ."

ನನ್ನ ಕೈಯಿಂದ ನಕ್ಷೆ ತೆಗೆದುಕೊಂಡು ಮಾವನ ಮುಂದೆ ಬಿಡಿಸಿದರು. ಅದರಲ್ಲಿ ಬಾಗಿಲು ಅಮ್ಮ ಕಾಲಿಟ್ಟ ಕಡೆಯೇ ಇತ್ತು.

"ಟೀಚರಮ್ಮ ನಕ್ಷೆ ಓದ್ಕಂಡವ್ರೆ, ಅದ್ಕೇ ಸರಿಯಾಗಿ ಬಂದ್ರು. ನಾವು ಓದಿಲ್ಲ."

"ಒಂಬತ್ತು ಭಾಗದ ಲೆಕ್ಕ ಅಂದ್ರಲ್ಲ ಆಗ?" ಎಂದ ಮಾವ.

"ಮನೆಯೋರ ಕಾಲು ಬಿದ್ಮ್ಯಾಲೆ ಯಾವ ಲೆಕ್ಕ ಸ್ವಾಮಿ," ಎಂದು ಹೇಳಿ, ಮೇಸ್ತ್ರಿ ಹಳೆಯ ಸಂದಿಗೆ ಸುಣ್ಣ ಸುರಿದು ಮುಚ್ಚಿದರು.

ಎಲ್ಲರಿಗೂ ಕಾಫಿ ಆದ ಮೇಲೆ, ಗೂಟ ಹೊಡೆಯುವ ನೆಪದಲ್ಲಿ ಅವರು ನನ್ನ ಹತ್ತಿರ ಬಂದರು. "ಇಪ್ಪತ್ತು ಇಂಚು ಅಮ್ಮಂದಾ?" ಎಂದು ಮೆಲ್ಲಗೆ ಕೇಳಿದರು. ಹೌದೆಂದು ತಲೆಯಾಡಿಸಿದೆ. ಅವರು ಮುಂದೇನೂ ಕೇಳಲಿಲ್ಲ. ಗೋಡೆ ಏಳುವ ತಿಂಗಳುಗಳಲ್ಲೂ ಕೇಳಲಿಲ್ಲ. ಆದರೆ ನಾನು ಬರೆಯದ ಕೆಲವು ಸಂಗತಿಗಳು ಆ ಮನೆಯಲ್ಲಿ ಆಗುತ್ತಾ ಹೋದವು. ಹೊರಕ್ಕೆ ಚಾಚಿದ ಎರಡೇ ಎರಡು ಮೂಲೆಗಳನ್ನು ಅವರು ಗಾರೆಯಲ್ಲಿ ದುಂಡಗೆ ತಿದ್ದಿದರು. ಪ್ರತಿ ಬಾಗಿಲಿನ ಮುಂದೆ ಒಂದು ಕಲ್ಲನ್ನು ಮಾತ್ರ ನುಣುಪು ಮಾಡದೆ, ಪಾದಕ್ಕೆ ತಿಳಿಯುವಂತೆ ಒರಟಾಗಿ ಬಿಟ್ಟರು. ಕೇಳಿದರೆ, "ಡಿಸೈನ್," ಎಂದರು.

*

ಗೃಹಪ್ರವೇಶದ ಮಧ್ಯಾಹ್ನ, ನೆಂಟರೆಲ್ಲ ಊಟ ಮುಗಿಸಿ ಹೋದ ಮೇಲೆ, ಅಮ್ಮ ತಾನಾಗಿಯೇ ಮಾವನಿಗೆ ಹೇಳಿದಳು. ಆ ಹೊತ್ತಿಗೆ ಅವಳ ಅರವತ್ತು ಡಿಗ್ರಿ ನಲವತ್ತಕ್ಕೆ ಇಳಿದಿತ್ತು. ಮಾವ ಹಜಾರದಲ್ಲಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಗೋಡೆಯ ಹತ್ತಿರದಿಂದ ಫ್ಯಾನಿನ ಕೆಳಗೆ ಎಳೆದುಕೊಂಡು ಕುಳಿತಿದ್ದ. ಕೇಳಿ, ತಲೆ ಎತ್ತಿ ಅಕ್ಕನ ಕಣ್ಣನ್ನು ನೋಡಿದ.

"ಅಂದ್ರೆ ಪಾಯ ಹಾಕೋವಾಗ್ಲೇ ಗೊತ್ತಿತ್ತು ನಿಂಗೆ."

"ಗೊತ್ತಿತ್ತು."

"ನಮ್ಮನೇಗೆ ಬಂದಿದ್ರೆ ನಾನೇನು ಕಮ್ಮಿ ಮಾಡ್ತಿದ್ದೆ, ಹೇಳಕ್ಕಾ."

"ಏನೂ ಕಮ್ಮಿ ಮಾಡ್ತಿರ್ಲಿಲ್ಲ ಕಣೋ. ಕೂತಲ್ಲಿಗೇ ಎಲ್ಲಾ ತಂದ್ಕೊಡ್ತಿದ್ದೆ. ಅದ್ಕೇ ಬರ್ಲಿಲ್ಲ."

"ಇವಳೂ ಸೇರ್ಕಂಡಳಾ ಇದ್ರಾಗೆ," ಎಂದು ನನ್ನ ಕಡೆ ತಿರುಗಿದ. ಅವನ ಕಣ್ಣು ತುಂಬಿತ್ತು. "ನಾಳೆ ಬೆಳಿಗ್ಗೆ ಗಾಡಿ ತತ್ತೀನಿ. ಮನೆ ಬಾಡ್ಗೆಗೆ ಕೊಡಣ. ಒಬ್ಳೇ ಇಲ್ಲಿ ಬಿದ್ಗಿದ್ರೆ ನಾನು ಊರಿಗೆ ಮುಖ ತೋರ್ಸೋದು ಹೆಂಗೆ?" ಎನ್ನುತ್ತಾ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

ಅಮ್ಮ ಕಾಫಿ ಮಾಡುತ್ತೇನೆಂದು ಎದ್ದಳು. ಐದನೇ ಹೆಜ್ಜೆಗೆ ಮಂಡಿ ಖಾಲಿ ಕುರ್ಚಿಗೆ ಬಡಿಯಿತು. ಕುರ್ಚಿ ಸದ್ದು ಮಾಡುತ್ತಾ ಉರುಳಿತು. ಮಾವ ಓಡಿ ಬಂದು ಅವಳ ರಟ್ಟೆ ಹಿಡಿದ.

"ಬುಡು," ಎಂದಳು ಅಮ್ಮ. ಅವನು ಬಿಡಲಿಲ್ಲ. "ಬುಡೋ. ಇದೆಲ್ಲಿತ್ತು?"

"ಗ್ವಾಡೆ ಹತ್ರ."

"ಅಲ್ಲೇ ಇದ್ದಿದ್ರೆ ನಾನು ಬೀಳೋ ಹಂಗೇ ಇರ್ಲಿಲ್ಲ. ನಂಗಲ್ಲ, ಕುರ್ಚಿಗೆ ಹೇಳು ನಿನ್ನ ಬುದ್ಧಿ."

ಮಾವ ಕೈ ಬಿಟ್ಟ. ಅಮ್ಮ ಸೀರೆಯ ನೆರಿಗೆ ಸರಿ ಮಾಡಿಕೊಂಡು, ಗೋಡೆಯವರೆಗೆ ಹೋಗಿ, ಮೂಲೆಯನ್ನು ಬೆರಳಲ್ಲಿ ಮುಟ್ಟಿ, ಅಡುಗೆಮನೆಗೆ ತಿರುಗಿದಳು. ಒಳಗೆ ಪಾತ್ರೆಯ ಸದ್ದು, ಗ್ಯಾಸ್ ಹೊತ್ತಿದ ಸದ್ದು, ಹಾಲು ಸುರಿದ ಸದ್ದು. ಮಾವ ಒಂದೊಂದು ಸದ್ದಿಗೂ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಬರುತ್ತಿದ್ದ. ಅಮ್ಮ ಎರಡು ಲೋಟ ಹಿಡಿದು ಬಂದು ಅವನ ಮುಂದೆ ಸರಿಯಾಗಿ ನಿಂತಳು. ನಾನೊಂದು ತೆಗೆದುಕೊಂಡೆ, ಅವನೊಂದು ತೆಗೆದುಕೊಂಡ. ನಿಂತುಕೊಂಡೇ ಕುಡಿದ. ಲೋಟಗಳನ್ನು ತೊಳೆಯಲು ಅವಳು ಮತ್ತೆ ಒಳಗೆ ಹೋದಳು.

ಮಾವ ಬಿದ್ದ ಕುರ್ಚಿಯನ್ನು ಎತ್ತಿ ಗೋಡೆಗೆ ತಂದಿಟ್ಟ. ಬಗ್ಗಿ ನೋಡಿ, ಹಿಂದಿನ ಕಾಲುಗಳು ಗೋಡೆಗೆ ತಾಗುವವರೆಗೆ ಇನ್ನಷ್ಟು ತಳ್ಳಿದ. ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, ಅವಳಿಗೆ ಕೇಳಿಸದ ಹಾಗೆ ನನ್ನನ್ನು ಕೇಳಿದ:

"ಇನ್ನೇನೇನು ಎಲ್ಲೆಲ್ಲಿ ಇರ್ಬೇಕು ಅಂತ ಒಂದ್ಸಲ ತೋರ್ಸಮ್ಮ. ನಿಮ್ಮತ್ತೆ, ಮಕ್ಕಳು ಬಂದಾಗ ಹೇಳ್ಬೇಕಲ್ಲ."

ನಾನು ಮುಂಬಾಗಿಲಿನಿಂದ ಶುರು ಮಾಡಿದೆ.